ಎರಡು ಕೊಪ್ಪರಿಗೆ ಹಿಟ್ಟು

ದೆಹಲಿಯ ಜನವರಿ ಚಳಿಗೆ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ಸರೋಜಿನಿ ನಗರದಲ್ಲಿ ಮೂವತ್ತು ವರ್ಷದಿಂದ ಹೋಟೆಲು ನಡೆಸುತ್ತಿರುವ ಈ ತನಿಯಪ್ಪನ, ಅಂದರೆ ನನ್ನ, ಮಾತಿದು, ಬೇಕಾದರೆ ಬರೆದಿಟ್ಟುಕೊಳ್ಳಿ. ಆದರೆ ನಮ್ಮ ಅಡಿಗೆಮನೆಯ ಉಮಾವತಿ ಕೈ ಹಾಕಿದ ಹಿಟ್ಟು ಉಬ್ಬುತ್ತದೆ. ಆಕೆ ಸಂಜೆ ಉಪ್ಪು ಹಾಕಿ, ಮೊಣಕೈವರೆಗೆ ಕೈ ಮುಳುಗಿಸಿ ಕಲಸಿಟ್ಟರೆ, ಬೆಳಿಗ್ಗೆ ಅದು ಮುಚ್ಚಳವನ್ನೇ ಎತ್ತಿಕೊಂಡು ನಿಂತಿರುತ್ತದೆ. ಅಪ್ಪನ ಕಾಲದಿಂದ ನೋಡುತ್ತಿದ್ದೇನೆ. ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಪಕ್ಕದ ಕೊಪ್ಪರಿಗೆ ಇನ್ನೊಬ್ಬ ಕೆಲಸದವಳು ಹಂಸಾಳದು. ಅದೇ ಅಕ್ಕಿ, ಅದೇ ಉದ್ದು, ಬಾಯ್ಲರಿನ ಪಕ್ಕದ ಅದೇ ಬೆಚ್ಚನೆ ಮೂಲೆ. ಅವಳು ಕಲಸಿದ್ದು ಮಾತ್ರ ಇಟ್ಟ ಹಾಗೇ ಇರುತ್ತದೆ. ಈ ತಿಂಗಳು ನಾಲ್ಕು ಸಲ ಇಡ್ಲಿ ಕಲ್ಲಾಯಿತು. ಐದನೇ ಸಲ ನನ್ನ ಸಿಟ್ಟು ನೆತ್ತಿಗೇರಿ, ಇಬ್ಬರನ್ನೂ ಗಲ್ಲಾದ ಮುಂದೆ ಕರೆದೆ.

"ಹಂಸಾ, ನಾಳೆಯಿಂದ ಬರಬೇಡ. ಉಮಕ್ಕ, ಅವಳ ಸಂಬಳವೂ ಇನ್ನು ನಿಮಗೇ."

ಹಂಸಾ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ನಿಂತಳು. ಆರ್.ಕೆ.ಪುರಂನ ಬಾಡಿಗೆ ಕೋಣೆ, ಇಬ್ಬರು ಮಕ್ಕಳ ಶಾಲೆ, ಎಲ್ಲ ಆ ಸಂಬಳದಲ್ಲೇ ನಡೆಯುತ್ತಿತ್ತು. ನನಗದು ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಉಮಾವತಿ ತಲೆಯಾಡಿಸಿದಳು. "ನನಗೆ ಬೇಡ ಧನಿ. ರುಬ್ಬುವುದು, ಎತ್ತಿಡುವುದು ಅವಳು ಮಾಡಲಿ. ಎರಡೂ ಕೊಪ್ಪರಿಗೆಗೆ ನಾನು ಕೈ ಹಾಕುತ್ತೇನೆ. ಸಂಬಳ ಇಬ್ಬರಿಗೂ ಸಮ ಮಾಡಿ."

"ಅಚ್ಛಾ! ನಿಮ್ಮ ಕೈಯ ಸಂಪಾದನೆ ಅವಳಿಗೆ ಯಾಕೆ?"

"ಈ ಕೈಯನ್ನು ನಾನು ಸಂಪಾದಿಸಿದ್ದಾ ಮಾರಾಯರೇ? ಅಮ್ಮನಿಗೆ ಇತ್ತು, ನನಗೆ ಬಂತು. ಅವಳು ರುಬ್ಬದಿದ್ದರೆ ಈ ಕೈ ಏನನ್ನು ಉಬ್ಬಿಸಬೇಕು, ನೀರನ್ನಾ?"

"ಹಾಗಾದರೆ ಕೈಗುಣಕ್ಕೆ ಬೆಲೆಯೇ ಇಲ್ಲವಾ? ಹೋಟೆಲನ್ನೇ ಹಂಚಿಬಿಡಲಾ?" ಎಂದು ಕೂಗಿದೆ. ದೋಸೆ ತಿನ್ನುತ್ತಿದ್ದ ಗಿರಾಕಿಗಳು ತಿರುಗಿ ನೋಡಿದರು.

ಉಮಾವತಿ ಸ್ವರ ಏರಿಸಲಿಲ್ಲ. "ನಿಮಗೆ ಹತ್ತೊಂಬತ್ತು ಆಗಿದ್ದಾಗ ದೊಡ್ಡ ಧನಿ ನಿಮ್ಮನ್ನೂ ಹಿಟ್ಟಿನ ಕೆಲಸಕ್ಕೆ ಹಾಕಿದ್ದರು. ಇಡೀ ಚಳಿಗಾಲ ಒಂದು ದಿನವೂ ಉಬ್ಬಲಿಲ್ಲ. ನಾಳೆಯಿಂದ ಬರಬೇಡ ಅಂತ ಅವರು ಹೇಳಲಿಲ್ಲ. ಗಲ್ಲಾದಲ್ಲಿ ಕೂರಿಸಿದರು."

ಆ ಚಳಿಗಾಲವನ್ನು ನಾನೇ ಮರೆತುಬಿಟ್ಟಿದ್ದೆ.

"ಚಲೋ, ಒಂದು ದಿನ ನೋಡೋಣ," ಎಂದೆ. ಸೋತರೂ ಮೀಸೆ ಮಣ್ಣಾಗಬಾರದಲ್ಲ.

ಮರುದಿನ ಬೆಳಿಗ್ಗೆ ಐದಕ್ಕೇ ಬಂದೆ. ಮಂಜಿನಲ್ಲಿ ಎದುರಂಗಡಿಯ ಶಟರೂ ಕಾಣುತ್ತಿರಲಿಲ್ಲ. ಅಡಿಗೆಮನೆಯಲ್ಲಿ ಹಂಸಾ ಚೀಲವನ್ನು ಹೆಗಲಿನಿಂದ ಇಳಿಸದೆ ನಿಂತಿದ್ದಳು. ಮೂಲೆಯಲ್ಲಿ ಎರಡು ಮುಚ್ಚಳಗಳೂ ಮೇಲೆದ್ದು ಓರೆಯಾಗಿದ್ದವು. ತೆಗೆದು ನೋಡಿದೆ. ಎರಡು ಕೊಪ್ಪರಿಗೆಗಳಲ್ಲೂ ಹಿಟ್ಟು ಅಂಚಿನವರೆಗೆ ಬೆಳ್ಳಗೆ ತುಂಬಿ ಬಂದು, ಸಣ್ಣ ಸಣ್ಣ ಗುಳ್ಳೆ ಒಡೆಯುತ್ತ ಉಸಿರಾಡುತ್ತಿತ್ತು. ಕೈ ಮುಗಿಯಬೇಕೆನಿಸಿತು, ಮುಗಿದೆ. ಮತ್ತೆ ಉಮಾವತಿಯ ಕೊಪ್ಪರಿಗೆಯನ್ನು ಬಗ್ಗಿ ನೋಡಿದೆ. ಇನ್ನೊಂದಕ್ಕೂ ಕೈ ಹಾಕಿದ್ದಕ್ಕೆ ಇದರಲ್ಲಿ ಹಿಟ್ಟು ಒಂದು ಬೆರಳಿನಷ್ಟೂ ಇಳಿದಿರಲಿಲ್ಲ.

ಹೋಗಿ ಗಲ್ಲಾದಲ್ಲಿ ಕೂತೆ. ಅಪ್ಪನ ಕುರ್ಚಿ. ಮೂವತ್ತು ವರ್ಷ ಅದನ್ನು ನನ್ನ ಶ್ರಮದ ಫಲ ಎಂದುಕೊಂಡಿದ್ದೆ.

"ಹಂಸಾ!"

ಅವಳು ಬೆಚ್ಚಿಬಿದ್ದು ಬಾಗಿಲಿಗೆ ಬಂದಳು.

"ಚೀಲ ಕೆಳಗಿಡು. ಈ ತಿಂಗಳಿಂದ ಸಂಬಳ ಇಬ್ಬರಿಗೂ ಸಮ. ಹೋಗು, ನಾಳೆಯ ಹಿಟ್ಟಿಗೆ ಉದ್ದು ನೆನೆಹಾಕು."