ಕ್ಯಾಬಿನ್ನಿನ ಗೂಟ

“ಇಳಿಯೇ ಕೆಳಗೆ, ಮುಂಡೆ! ಆ ಗ್ರೀಸ್ ಮೈ ನನ್ನ ಸೀಟಿಗೆ ಒರೆಸ್ಬೇಕಂತ ಬಂದ್ಯಾ?”

ಮೆಕ್ಯಾನಿಕ್ ಹೆಂಗಸು ಕ್ಯಾಬಿನ್ನಿನ ಮೆಟ್ಟಿಲಿಂದ ಕಾಲು ಹಿಂದಕ್ಕೆ ತೆಗೆದಳು. ಲಾರಿಯ ಧಣಿ ಡ್ರೈವರ್ ಸೀಟಿನಲ್ಲಿ ಪಟ್ಟಕ್ಕೇರಿದವನ ಹಾಗೆ ಕೂತಿದ್ದ. ಜನ್ಮದಲ್ಲಿ ಲಾರಿ ಓಡಿಸಿದವನಲ್ಲ. ಬೆಳಿಗ್ಗೆ ಲಾರಿ ಸ್ಟಾರ್ಟ್ ಆಗದಿದ್ದಾಗ ಗೋಡೌನಿನ ಹಮಾಲರ ಎದುರಿಗೇ ಡ್ರೈವರ್‌ನ ಕೆನ್ನೆಗೆ ಬಿಗಿದು, ಅವನ ಲೈಸೆನ್ಸ್ ಕಿತ್ತು ಜೇಬಿಗಿಳಿಸಿ, ತಾನೇ ಹತ್ತಿ ಕೂತ ಮಹಾಶೂರ. ಆ ಡ್ರೈವರ್ ಇವಳ ಒಡಹುಟ್ಟಿದ ತಮ್ಮ. ಇಂಜಿನ್ ಕೆಡಿಸಿದವನು ಇವನೇ ಅಂತ ಧಣಿ ಸಾರಿಬಿಟ್ಟರೆ ಮುಗಿಯಿತು, ಇನ್ಯಾರೂ ಅವನ ಕೈಗೆ ಸ್ಟಿಯರಿಂಗ್ ಕೊಡುವುದಿಲ್ಲ.

“ಆಯ್ತು, ನೀವೇ ಕೀ ತಿರುಗಿಸಿ,” ಎಂದಳು.

ಟಕ್. ಅಷ್ಟೇ.

“ಬ್ಯಾಟರಿ ಸತ್ತೋಗಿದೆ. ಅಷ್ಟೂ ಗೊತ್ತಾಗಲ್ವಾ ನಿಂಗೆ?”

“ಸತ್ತಿದ್ರೆ ಹೆಡ್‌ಲೈಟು ಹಿಂಗೆ ಉರೀತಿತ್ತಾ?”

ಲಾರಿಯ ಕೆಳಗೆ ತೂರಿ, ಇಂಜಿನ್‌ನಿಂದ ಚಾಸಿಗೆ ಹೋಗುವ ಕರೆಂಟಿನ ಅರ್ಥಿಂಗ್ ಪಟ್ಟಿ ಬಿಚ್ಚಿದಳು. ತುದಿಯೆಲ್ಲ ತುಕ್ಕು. ಉಜ್ಜಿ ಬಿಗಿದಳು. ಈ ಸಲ ಧಣಿ ಕೀ ತಿರುಗಿಸಿದಾಗ ಇಂಜಿನ್ ಗರಗರ ತಿರುಗಿತು, ಆದರೆ ಹತ್ತಿಕೊಳ್ಳಲಿಲ್ಲ.

“ನೋಡ್ದ್ಯಾ? ಡೀಸೆಲ್ ಬದ್ಲು ಉಚ್ಚೆ ಹೊಯ್ದಿರ್ಬೇಕು ನಿನ್ನ ತಮ್ಮ, ನಾಯಿ ನನ್ಮಗ!”

“ಅಕ್ಕಾ, ನಿನ್ನೆ ಚೆನ್ನಾಗೇ ಓಡ್ತಿತ್ತು ಕಣೇ...” ಪಕ್ಕದಲ್ಲಿ ನಿಂತಿದ್ದ ತಮ್ಮ ಅಂದ.

“ನೀನ್ ಸುಮ್ನಿರೋ.”

ಟ್ಯಾಂಕಿನಿಂದ ಡೀಸೆಲ್ ಎಳೆಯುವ ಕೈಪಂಪು ಒತ್ತಿ ನೋಡಿದಳು. ಡೀಸೆಲ್ ಚೊಕ್ಕವಾಗಿತ್ತು, ಒಂದು ಗಾಳಿಗುಳ್ಳೆಯೂ ಇಲ್ಲ. ಆದರೆ ಅಷ್ಟು ತಿರುಗಿದರೂ ಸೈಲೆನ್ಸರಿನಿಂದ ಹೊಗೆಯ ಎಳೆಯೂ ಬಂದಿರಲಿಲ್ಲ. ಅಂದರೆ ಇಂಜಿನ್ನಿಗೆ ಡೀಸೆಲ್ ಊಡಿಸುವ ದೊಡ್ಡ ಪಂಪಿನ ತನಕ ಬಂದ ಡೀಸೆಲ್ಲನ್ನು ಯಾರೋ ಅಲ್ಲೇ ತಡೆದಿದ್ದಾರೆ. ಇಂಜಿನ್ ಆಫ್ ಮಾಡುವ ಕೇಬಲ್ ಮುಟ್ಟಿದಳು. ಬಿಗಿಯಾಗಿ ಎಳೆದುಕೊಂಡಿತ್ತು.

ಎದ್ದು ಬಂದು ತೆರೆದ ಬಾಗಿಲಲ್ಲಿ ಇಣುಕಿದಳು. ಆ ಕೇಬಲ್ಲಿನ ತುದಿಯ ಸ್ಟಾಪ್ ನಾಬ್, ಎಳೆದರೆ ಇಂಜಿನ್ ನಿಲ್ಲಿಸುವ ಗುಂಡಿ, ಪೂರ್ತಿ ಹೊರಗೆ ಬಂದಿತ್ತು. ಅದಕ್ಕೆ ಧಣಿಯ ಚರ್ಮದ ಬ್ಯಾಗು ನೇತಾಡುತ್ತಿತ್ತು. ಬ್ಯಾಗು ನೇತುಹಾಕುವ ಗೂಟ ಅಂದುಕೊಂಡಿದ್ದ ಪುಣ್ಯಾತ್ಮ!

ಮೆಲ್ಲಗೆ ಹೇಳಿದರೆ ಇದನ್ನೂ ತಮ್ಮನ ತಲೆಗೇ ಕಟ್ಟುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಗಂಟಲು ಬಿಚ್ಚಿ ಕೂಗಿದಳು: “ಬನ್ರಪ್ಪೋ, ಎಲ್ಲಾ ಬನ್ನಿ! ಲಾರಿ ರೋಗ ಸಿಕ್ತು!”

ಹಮಾಲರು ಸುತ್ತ ನೆರೆದರು. ಅವಳು ಯಾರನ್ನೂ ಕೇಳದೆ ಮೇಲೆ ಹತ್ತಿ, ಧಣಿಯ ಬಿಳಿ ಅಂಗಿಯ ಮೇಲೇ ಬಾಗಿ, ಬ್ಯಾಗು ತೆಗೆದು ಅವನ ತೊಡೆಗೆ ಎಸೆದಳು. ನಾಬ್ ಒಳಗೆ ತಳ್ಳಿ ಕೀ ತಿರುಗಿಸಿದಳು. ಲಾರಿ ಗುಡುಗಿತು. ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ನಾಬ್ ಮತ್ತೆ ಎಳೆದು ಇಂಜಿನ್ ನಿಲ್ಲಿಸಿ ಕೀ ಕಿತ್ತುಕೊಂಡಳು.

“ಲೈಸೆನ್ಸ್ ತೆಗಿ.”

“ಏಯ್, ಯಾರ ಹತ್ರ ಮಾತಾಡ್ತಿದ್ದೀಯ ಗೊತ್ತಾ?”

“ಗೊತ್ತು. ಇಂಜಿನ್ ಆಫ್ ಮಾಡ್ಕೊಂಡು ಸ್ಟಾರ್ಟ್ ಮಾಡಕ್ಕೆ ಕೂತ ಮುಂಡೇಗಂಡನ ಹತ್ರ. ತೆಗಿ.”

ಧಣಿ ಹಮಾಲರ ಕಡೆ ನೋಡಿದ. ಒಬ್ಬನೂ ಕಣ್ಣು ತಗ್ಗಿಸಲಿಲ್ಲ. ಅವನು ಲೈಸೆನ್ಸ್ ತೆಗೆದು ಅವಳತ್ತ ಚಾಚಿದ. ಅವಳು ಕೈ ನೀಡಲಿಲ್ಲ.

“ನಂಗಲ್ಲ. ಕೆಳಗಿಳಿ. ಹೊಡೆದ ಕೈಯಲ್ಲೇ ಅವನಿಗೆ ಕೊಡು.”