ಬಾಯಿ ತೆರೆದ ಕಂಚು

"ಹೆಗಲಿಗೆ ಎತ್ರಪ್ಪ. ಅದೇನು ಮೊಣಕಾಲ ಹತ್ರ ಹಿಡ್ಕೊಂಡು ಹೋಗ್ತಿದ್ದೀರಿ?" ಸೋದರಮಾವ ಬಾಗಿಲಲ್ಲೇ ಗದರಿದರು.

ಚಟ್ಟ ಹಿಡಿದ ನಾಲ್ವರೂ ಎರಕದ ಮನೆಯವರು. ಕರಗಿದ ಕಂಚು ತುಂಬಿದ ಮೂಸೆಯನ್ನು ಮೈಯಿಂದ ದೂರವಿಟ್ಟು, ನೆಲಕ್ಕೆ ಹತ್ತಿರವಾಗಿ ಒಯ್ದು ಒಯ್ದು ಅವರ ಕೈಗೆ ಬೇರೆ ರೀತಿ ಗೊತ್ತಿರಲಿಲ್ಲ. ಮುಂದಿನವನು "ಮೆಟ್ಟಿಲು" ಎಂದ. ಹಿಂದಿನವನು "ಕಂಡೆ" ಎಂದ. ಅಂಗಳದ ಜನ ಬಿಸಿ ತಾಕೀತೆಂಬಂತೆ ತಾವಾಗಿಯೇ ಹಿಂದೆ ಸರಿದರು.

ಸತ್ತವಳ ಗೆಳತಿ, ಟೆಲಿಫೋನ್ ಕಚೇರಿಯಲ್ಲಿ ಅವಳ ಪಕ್ಕದ ಕುರ್ಚಿಯಲ್ಲೇ ಮುದುಕಿಯಾದವಳು, ಅಳುತ್ತ ಅಳುತ್ತಲೇ ನಕ್ಕುಬಿಟ್ಟಳು. "ಬಿಡಿ, ನಮ್ಮ ಹಲೋ ಅಕ್ಕನ್ನ ಇಷ್ಟು ಜೋಪಾನವಾಗಿ ಯಾರೂ ನೋಡ್ಕೊಂಡಿರ್ಲಿಲ್ಲ."

ಹಲೋ ಅಕ್ಕ ಆಯುಸ್ಸೆಲ್ಲ ತಂತಿ ಚುಚ್ಚಿ, ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಮುಟ್ಟಿಸಿದವಳು. ದೇವರು ಕೆಲವರಿಗೆ ಮೌನ ಕೊಡುತ್ತಾನೆ, ಕೆಲವರಿಗೆ ಮಾತು. ಎರಡೂ ಅವನ ಪ್ರಸಾದವೇ. ಇವಳಿಗೆ ಕೊಡುವಾಗ ಮಾತ್ರ ಕೈ ಜಾರಿ ಚೀಲವೇ ಮಗುಚಿತ್ತು. ಬೆಳಗಿನ ಜಾವ, ಒಂದು ಮಾತಿನ ನಡುವೆಯೇ ಉಸಿರು ನಿಂತಿತ್ತು.

ಬೀದಿಗಿಳಿದ ಮೇಲೆ ಮಗಳು ತಿರುಗಿ ನಿಂತಳು. ಎರಕದ ಮನೆಯ ಒಡತಿ ಅವಳೇ.

"ಮಾವ, ಎರಕದ ಮನೇಲಿ ಸ್ವಲ್ಪ ನಿಂತು ಹೋಗ್ಬೇಕು. ಅಮ್ಮನ ಅಚ್ಚು ಕಾದಿದೆ. ಕಂಚು ಕರಗಿದೆ."

"ಹೆಣ ಮುಂದಿಟ್ಕೊಂಡು ಕೆಲಸಾನಾ? ಜನ ಮುಖಕ್ಕೆ ಉಗೀತಾರೆ. ನಾಳೆ ಹುಯ್ಕೊ."

"ನಾಳೆ ಅಷ್ಟೊತ್ತಿಗೆ ಅಚ್ಚು ಆರಿ ಬಿರುಕು ಬಿಟ್ಟಿರುತ್ತೆ. ಮಣ್ಣಿನ ಮೂರ್ತಿ ಒಡೆದಾಯ್ತು, ಮೇಣ ಕರಗಿ ಹೋಯ್ತು. ಆ ಅಚ್ಚಿನ ಒಳಗಿರೋ ಖಾಲಿ ಬಿಟ್ರೆ ಅಮ್ಮನ ಮುಖ ಬೇರೆಲ್ಲೂ ಇಲ್ಲ."

ಮಾವ ಚಟ್ಟದತ್ತ ನೋಡಿದರು. "ಇಲ್ಲೇ ಇದೆಯಲ್ಲೇ."

"ಸಂಜೆವರೆಗೆ," ಎಂದಳು ಮಗಳು.

ಮಾವ ಒಪ್ಪಲಿಲ್ಲ. ಆದರೆ ತಿರುವಿನಲ್ಲಿ ಆ ನಾಲ್ವರ ಕಾಲು ಎರಕದ ಮನೆಯ ಕಡೆಗೇ ಹೊರಳಿತು.

* * *

ಹೆಂಗಸರಿಗೂ ಓಟು ಬೇಕೆಂದು ಹಿಂದೆ ಬೀದಿಗಿಳಿದವರಿಗಾಗಿ ಚೌಕದಲ್ಲಿ ಒಂದು ಸ್ಮಾರಕ ಮಾಡುವುದೆಂದು ಊರು ನಿಶ್ಚಯಿಸಿತ್ತು. ಕಟ್ಟೆ ಇಲ್ಲ, ಕೈ ಎತ್ತಿದ ನಾಯಕಿ ಇಲ್ಲ. ಮೊದಲ ಸಲ ಓಟು ಹಾಕಲು ಸಾಲಿನಲ್ಲಿ ನಿಂತ ಹೆಂಗಸರು, ಆಳೆತ್ತರ, ನೆಲದ ಮೇಲೇ. ಉಳಿದವರೆಲ್ಲ ಕಂಚಾಗಿದ್ದರು. ಸಾಲಿನ ಕೊನೆಯವಳಿಗೆ ಮಗಳು ತಾಯಿಯನ್ನೇ ಮಾದರಿಯಾಗಿ ನಿಲ್ಲಿಸಿದಳು.

"ಬಾಯಿ ಮುಚ್ಚಮ್ಮ. ತುಟಿ ಮಾಡ್ತಿದ್ದೀನಿ."

"ನಿಮ್ಮಜ್ಜಿ ಸಾಲಲ್ಲಿ ಬಾಯಿ ಮುಚ್ಕೊಂಡು ನಿಂತಿರ್ಲಿಲ್ಲ ಕಣೇ. ಹಿಂದಿನೋಳ ಹತ್ರ ಗಂಡನ್ನ ಬೈತಾ, ಮುಂದಿನೋಳ ಹತ್ರ ಚಪ್ಪಲಿ ಕಚ್ಚುತ್ತೆ ಅಂತ ಗೋಳಾಡ್ತಾ ನಿಂತಿದ್ಲು. ಓಟು ಕೊಡಿ ಅಂತ ಗಂಟಲು ಹರ್ಕೊಂಡೋರು, ಸಿಕ್ಕಿದ ದಿನ ಮೂಗರಾಗ್ತಾರಾ?"

"ನೀನಾಗ ಸೊಂಟದ ಮೇಲಿನ ಕೂಸು. ನಿಂಗೇನು ನೆನಪು?"

"ಅವಳು ಹೇಳಿದ್ದು ನೆನಪಿದೆ. ಸಾಲ್ದಾ?"

ಸ್ಮಾರಕದ ಸಮಿತಿಗೆ ಹಿರಿಯಳು ಶಾಲೆಯ ಹೆಡ್ ಮಿಸ್. ನೋಡಲು ಬಂದವಳು ಬೇಡವೆಂದು ತಲೆಯಾಡಿಸಿದಳು. "ಬಾಯಿ ಬಿಟ್ರೆ ಅಂದಗೇಡು. ನಾಲ್ಕು ಜನ ನೋಡೋ ಜಾಗ. ಮುಚ್ಚಿಸಮ್ಮ."

ಮಗಳು ಮಣ್ಣಿನ ತುಟಿ ಕೂಡಿಸಿದಳು. ಹೆಡ್ ಮಿಸ್ ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು, ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದಳು.

"ಇವಳ್ಯಾರೋ ಬೇರೆ. ಬಿಡಿಸು, ಬಿಡಿಸು. ಮಾತಾಡ್ಲಿ."

* * *

ಚಟ್ಟವನ್ನು ಬಾಗಿಲ ಒಳಗಿನ ನೆರಳಿನಲ್ಲಿ ಇಳಿಸಿದರು. ಕುಲುಮೆ ಮೊರೆಯುತ್ತಿತ್ತು. ಅತ್ತು ಸೊರಗಿದ ಮುಖಗಳೆಲ್ಲ ಬೆಂಕಿಯ ಬಣ್ಣಕ್ಕೆ ತಿರುಗಿದವು. ನೆಲದ ಗುಂಡಿಯಲ್ಲಿ ಅಚ್ಚು ಹೂತಿತ್ತು; ಮೇಲೆ ಕಾಣುತ್ತಿದ್ದದ್ದು ಕಂಚು ಹುಯ್ಯುವ ಬಾಯಿ ಮತ್ತು ಮೂರು ಸಣ್ಣ ಕೊಳವೆ.

"ಅವು ಯಾಕೆ?" ಹೆಡ್ ಮಿಸ್ ಕೇಳಿದಳು.

"ಒಳಗಿನ ಗಾಳಿ ಹೊರಗೆ ಬರೋಕೆ. ಮೂರರಲ್ಲೂ ಕಂಚು ಕಂಡ್ರೆ ಅಚ್ಚು ತುಂಬಿತು ಅಂತ. ಒಂದು ಹೆಗಲಿಂದ, ಒಂದು ಸೆರಗಿಂದ." ಮಗಳು ಕೈಗವಸು ತೊಟ್ಟಳು. "ಅದು ಅಮ್ಮನ ಬಾಯಿಂದ."

ನಾಲ್ವರು ಮೂಸೆ ಎತ್ತಿದರು.

"ಈಗ ಮೊಣಕಾಲ ಹತ್ರಾನೇ ಹಿಡೀರಪ್ಪ," ಎಂದಳು ಗೆಳತಿ. "ಯಾರ ಮಾತೂ ಕೇಳ್ಬೇಡಿ."

ಕಂಚು ಇಳಿಯಿತು. ನೀರಿನಷ್ಟು ಸಲೀಸಾಗಿ, ಬೆಳಗಿನ ಸೂರ್ಯನನ್ನು ಯಾರೋ ಕರಗಿಸಿ ಬಗ್ಗಿಸಿದ ಹಾಗೆ. ಅಂಥ ಹೊಳಪನ್ನು ಕಂಡರೆ ಕೈ ತಾನಾಗಿ ಮುಗಿಯುತ್ತದೆ. ಸೆರಗಿನ ಕೊಳವೆಯಲ್ಲಿ ಕೆಂಪು ಕಂಡಿತು. ಹೆಗಲಿನದರಲ್ಲೂ ಕಂಡಿತು. ಬಾಯಿಯದು ಕಪ್ಪಾಗಿಯೇ ಇತ್ತು.

"ಅದ್ಯಾಕೆ ಬರ್ತಿಲ್ಲ?" ಮಾವ ಯಾವಾಗ ಮುಂದೆ ಬಂದು ನಿಂತರೋ ಅವರಿಗೇ ತಿಳಿಯದು.

"ಗಾಳಿ ಸಿಕ್ಕೊಂಡಿದೆ."

"ಹಾಗಾದ್ರೆ?"

"ಮುಖ ಬರಲ್ಲ." ಮಗಳು ಕಣ್ಣೆತ್ತಲಿಲ್ಲ. "ನಿಲ್ಲಿಸ್ಬೇಡಿ. ಹುಯ್ತಾ ಇರಿ."

ಮೂಸೆ ಬಗ್ಗುತ್ತ ಬಗ್ಗುತ್ತ ತಳ ಕಾಣಲು ಬಂತು. ಆಗ ಕಪ್ಪು ಕೊಳವೆಯಿಂದ ಒಂದು ಸದ್ದು ಹೊರಟಿತು, ಮೊದಲು ಗೊರಗೊರ, ಆಮೇಲೆ ಉದ್ದಕ್ಕೆ ಹೂಂ ಎಂದು.

ಗೆಳತಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಲೈನಿಗೆ ಬಂದ್ಲು ನೋಡಿ."

ಸದ್ದಿನ ಹಿಂದೆಯೇ ಬೆಳಕು ಬಂತು. ಕೊಳವೆಯ ತುದಿಯಲ್ಲಿ ಉಕ್ಕಿ, ಒಂದು ಹನಿಯಾಗಿ ನಿಂತಿತು. ಮಗಳು ಅಲ್ಲೇ ನೆಲದ ಮೇಲೆ ಕೂತಳು. ಆ ದಿನ ಮೊದಲ ಸಲ ಅತ್ತಳು, ನಗುತ್ತಲೂ ಇದ್ದಳು.

ಗುಂಡಿಯ ಪಕ್ಕದ ದಾರಿ ಒಬ್ಬರು ನಡೆಯುವಷ್ಟೇ ಅಗಲ. ಗೆಳತಿ ಮೊದಲು ಹೋಗಿ ಆ ಹನಿಯ ಮುಂದೆ ತಲೆಬಾಗಿಸಿದಳು. ಅವಳ ಹಿಂದೆ ಹೆಡ್ ಮಿಸ್, ಅವಳ ಹಿಂದೆ ಪಕ್ಕದ ಮನೆಯವಳು, ಆಮೇಲೆ ಬಂದ ಹೆಂಗಸರೆಲ್ಲ, ಒಬ್ಬರ ಬೆನ್ನಿಗೆ ಒಬ್ಬರು. ಗುಸುಗುಸು ಎದ್ದಿತು, ಮಾತಾಯಿತು, ಯಾರೋ ಯಾರನ್ನೋ ಛೇಡಿಸಿದರು.

"ಹೊತ್ತಾಯ್ತು, ಹೊರಡೋಣ," ಎಂದರು ಮಾವ. ಯಾರಿಗೂ ಕೇಳಿಸಲಿಲ್ಲ.

ಅವರೂ ಹೋಗಿ ಎಲ್ಲರ ಕೊನೆಗೆ ನಿಂತರು. ಮುಂದಿದ್ದವಳು ಹಿಂತಿರುಗಿ ನೋಡಿ, ಬೇಗ ಮುಗಿಯುವಂಥದಲ್ಲ ಇದು ಎಂದು ತನ್ನ ಮೊಣಕಾಲು ನೋವಿನ ಕತೆ ತೆಗೆದಳು. ಮಾವ ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹಾಕಿ, ಹೂಂಗುಟ್ಟುತ್ತ ಕೇಳತೊಡಗಿದರು.