ಭೇಟಿಯ ಕಂಪ್ಯೂಟರ್

ಜೈಲಿನವರು ಎದುರುಬದುರು ಕೂತು ಮಾತಾಡುವ ಪದ್ಧತಿ ನಿಲ್ಲಿಸಿ ಭೇಟಿಗಳನ್ನೆಲ್ಲ ಕಂಪ್ಯೂಟರಿಗೆ ವಹಿಸಿದ ಮೇಲೆ ದರ್ಜಿಯಮ್ಮನಿಗೆ ಒಳಗಿದ್ದ ತಮ್ಮನ ಮುಖ ಕಾಣುವುದೇ ನಿಂತುಹೋಯಿತು. ಮನೆಗೆ ಅಂಟಿಕೊಂಡ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನದೇ ಹಳೆಯ ಲ್ಯಾಪ್‌ಟಾಪ್ ಇತ್ತು. ಜೈಲಿನಲ್ಲಿ ಅವಳ ಹೆಸರಿಗೆ ನೋಂದಣಿಯಾದದ್ದೂ ಅದೇ. ಬೇರೆಯವರ ಕಂಪ್ಯೂಟರ್ ಮುಂದೆ ಕೂರುವಂತಿರಲಿಲ್ಲ, ಫೋನು ನಡೆಯುತ್ತಿರಲಿಲ್ಲ. ಹೊಸದನ್ನು ಕೊಂಡರೆ ನೋಂದಣಿ ಮೊದಲಿನಿಂದ ಆಗಬೇಕು. ಹಿಂದಿನ ನೋಂದಣಿ ಮುಗಿಯುವಷ್ಟರಲ್ಲೇ ಒಂದು ಚಳಿಗಾಲ ಕಳೆದಿತ್ತು.

ಭೇಟಿಯ ಪುಟ ತೆರೆದಾಗಲೆಲ್ಲ ಒಂದೇ ಉತ್ತರ: ನಿಮ್ಮ ಆಪರೇಟಿಂಗ್ ಸಿಸ್ಟಮ್ ಹಳೆಯದು, ಹೊಸದನ್ನು ಹಾಕಿಕೊಳ್ಳಿ. ಹಾಕಲು ಹೋದರೆ ಹೊಸದು ಬೇರೆಯೇ ರಾಗ ಎಳೆಯುತ್ತಿತ್ತು: ಈ ಕಂಪ್ಯೂಟರ್‌ಗೆ ಬೆಂಬಲವಿಲ್ಲ.

ಕೊನೆಗೆ ಅವಳು ಚಿಕ್ಕಪ್ಪನನ್ನು ಕರೆಸಿದಳು. ಅವನು ಲಿಫ್ಟ್ ರಿಪೇರಿ ಮಾಡಿಕೊಂಡಿದ್ದು ನಿವೃತ್ತನಾದವನು. ಮುಚ್ಚಿದ ಡಬ್ಬ ಯಾವುದೇ ಕಂಡರೂ ಬಿಚ್ಚಿ ನೋಡದೆ ಬಿಡುವವನಲ್ಲ.

"ಕಂಪನಿಯವರು ಇದರ ಕೈಬಿಟ್ಟಿದ್ದಾರೆ, ಅಷ್ಟೇ," ಎಂದ. "ನನ್ನನ್ನೂ ಹಾಗೇ ಮನೆಗೆ ಕಳಿಸಿದ್ರು. ನಾನು ಓಡಾಡ್ಕೊಂಡಿಲ್ವಾ?"

"ಆಗುತ್ತಾ ಚಿಕ್ಕಪ್ಪ?"

"ಹಾಕೋ ಮುಂಚೆ ಅದು ಇದರ ವಯಸ್ಸು ವಿಚಾರಿಸುತ್ತೆ. ಆ ಪ್ರಶ್ನೆನೇ ಕೇಳದ ಹಾಗೆ ಮಾಡಿದ್ರೆ ಸುಮ್ನೆ ಒಳಗೆ ಹೋಗುತ್ತಂತೆ. ಆದ್ರೆ ಇರೋದೆಲ್ಲ ಅಳಿಸಿಹೋಗುತ್ತೆ ಮಗಳೇ, ಅವನದೇನಾದ್ರೂ ಇದ್ರೆ ತೆಗೆದಿಟ್ಕೋ."

ಅವಳು ಫೋಟೊಗಳನ್ನಷ್ಟೇ ಬೇರೆ ಕಡೆ ಇಳಿಸಿಕೊಂಡಳು. ಚಿಕ್ಕಪ್ಪ ಪೆನ್‌ಡ್ರೈವ್ ಚುಚ್ಚಿ ಕೂತ. ಮೊದಲ ಸಲ ಅರ್ಧಕ್ಕೇ ನಿಂತಿತು. ಮತ್ತೊಮ್ಮೆ ಹಾಕಿದಾಗ ಪರದೆ ಕಪ್ಪಾಗಿ, ಒಳಗಿನ ಫ್ಯಾನು ಮಾತ್ರ ಕುದಿಯುವ ಪಾತ್ರೆಯಂತೆ ಸದ್ದು ಮಾಡಿತು. ಅವಳು ಅಂಗಡಿಗೂ ಕೋಣೆಗೂ ಓಡಾಡುತ್ತ ಒಂದು ಪ್ಯಾಂಟಿನ ಅಂಚನ್ನು ತಲೆಕೆಳಗಾಗಿ ಹೊಲಿದು, ಬಿಚ್ಚಿ, ಮತ್ತೆ ಹೊಲಿದಳು. ಭೇಟಿಯ ಹಿಂದಿನ ಸಂಜೆ ಹೊಸ ಸಿಸ್ಟಮ್ ಎದ್ದು ಕೂತಿತು. ಭೇಟಿಯ ಪುಟ ತಕರಾರಿಲ್ಲದೆ ತೆರೆಯಿತು. ಕ್ಯಾಮೆರಾ ನೋಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಪರದೆಯ ಮೇಲೆ ತಮ್ಮ ಬಂದ. ಅಂಗಿಯ ಭುಜದ ಹೊಲಿಗೆ ತೋಳಿನ ನಡುವಿಗೆ ಇಳಿದಿತ್ತು. ಎಷ್ಟು ಸೊರಗಿದ್ದಾನೆಂದು ಅವಳಿಗೆ ಅಷ್ಟರಲ್ಲೇ ತಿಳಿಯಿತು.

"ಅಕ್ಕಾ, ಇದ್ದೀಯಾ? ಇಲ್ಲಿ ಬರೀ ಕಪ್ಪಗಿದೆ."

"ಇದ್ದೀನಿ ಕಣೋ. ನಿನ್ನನ್ನೇ ನೋಡ್ತಿದ್ದೀನಿ."

"ತುಂಡು ತುಂಡಾಗಿ ಕೇಳಿಸ್ತಿದೆ. ಸ್ವಲ್ಪ ಮುಂದೆ ಬಾ, ಮುಖ ತೋರಿಸು."

ಅವಳು ಮೂಗು ತಾಗುವಷ್ಟು ಪರದೆಗೆ ಬಾಗಿದಳು. ಚಿಕ್ಕಪ್ಪ ಪಕ್ಕದಿಂದ ಗುಂಡಿಗಳನ್ನು ಒತ್ತುತ್ತಲೇ ಇದ್ದ. ಅಷ್ಟರಲ್ಲಿ ತಮ್ಮನ ಹಿಂದೆ ನಿಂತಿದ್ದ ವಾರ್ಡರ್ ಬಗ್ಗಿ, "ಮುಖ ಕಾಣದಿದ್ರೆ ಮಾತಿಲ್ಲ ಮೇಡಂ. ಆ ಕಡೆ ಯಾರಿದ್ದಾರೆ ಅಂತ ನಮಗೇನು ಗೊತ್ತು?" ಎಂದು ಕರೆಯನ್ನು ಮುಗಿಸಿಬಿಟ್ಟ.

ಕ್ಯಾಮೆರಾ ಕೆಟ್ಟಿರಲಿಲ್ಲ. ಹೊಸ ಸಿಸ್ಟಮ್‌ಗೆ ಆ ಹಳೆಯ ಕ್ಯಾಮೆರಾದ ಗುರುತೇ ಸಿಗಲಿಲ್ಲ. ಚಿಕ್ಕಪ್ಪ ಎಲ್ಲೆಲ್ಲೋ ಹುಡುಕಿ ಕೈಚೆಲ್ಲಿದ. ಆಮೇಲೆ ಮುಚ್ಚಳಕ್ಕೆ ಸಿಕ್ಕಿಸುವ ಒಂದು ಪುಟ್ಟ ಕ್ಯಾಮೆರಾ ತಂದು ಜೋಡಿಸಿದ. ಅವಳ ಮುಖ ಸ್ವಚ್ಛವಾಗಿ ಮೂಡಿತು. ದನಿಯೂ ಸರಿಹೋಯಿತು. ಮುಂದಿನ ಭೇಟಿಗೆ ಒಂದು ತಿಂಗಳು ಕಾಯಬೇಕಿತ್ತು. ಆ ತಿಂಗಳಿಡೀ ಅವಳು ದಿನಾ ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಒಮ್ಮೆ ಅದನ್ನು ಹಚ್ಚಿ, ತನ್ನ ಮುಖ ಕಂಡ ಮೇಲೆಯೇ ಕೆಲಸಕ್ಕೆ ಕೂರುತ್ತಿದ್ದಳು.

ಆ ದಿನ ಬಂತು. ಪುಟ ತೆರೆಯಿತು. ಆ ಕಡೆ ಬರಿ ಕುರ್ಚಿ ಕಂಡಿತು. ವಾರ್ಡರ್ ಬಂದು ಬಾಗಿದ.

"ಅವನು ಬರೋಲ್ಲ ಅಂತಾನೆ ಮೇಡಂ."

"ಹುಷಾರಿಲ್ವಾ?"

"ಹುಷಾರಾಗೇ ಇದ್ದಾನೆ. ಇಲ್ಲಿಗೆ ಕರ್ಕೊಂಡು ಬರೋ ಮುಂಚೆ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡ್ತೀವಿ, ವಾಪಸ್ ಹೋಗುವಾಗ ಇನ್ನೊಂದು ಸಲ. ಹೋದ ತಿಂಗಳು ಅಷ್ಟೆಲ್ಲ ಮಾಡಿಸ್ಕೊಂಡು ಬಂದು ಕಪ್ಪು ಪರದೆ ನೋಡಿ ಹೋದ. ಇನ್ನು ನನ್ನ ಕರೀಬೇಡಿ ಅಂತ ಬರ್ಕೊಟ್ಟಿದ್ದಾನೆ."

"ಈಗ ಕಾಣಿಸುತ್ತೆ ಅಂತ ಒಂದು ಮಾತು ಹೇಳಿ ಸಾರ್. ಕ್ಯಾಮೆರಾ ಬದಲಾಯಿಸಿದ್ದೀವಿ."

"ಹೇಳಿದೆ. ಗೋಡೆ ಕಡೆ ತಿರುಗಿ ಮಲಗಿದ." ವಾರ್ಡರ್ ಒಂದು ಗಳಿಗೆ ಅವಳನ್ನು ನೋಡಿದ. "ನೀವು ಚೆನ್ನಾಗೇ ಕಾಣ್ತಿದ್ದೀರಿ," ಎಂದು ಅತ್ತ ಸರಿದ.

ಚಿಕ್ಕಪ್ಪ ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಕೈ ಹಾಕಿದ. "ಮುಚ್ಚಿಬಿಡ್ಲಾ?" ಎಂದ.

"ಬೇಡ ಚಿಕ್ಕಪ್ಪ. ಈಗ ಎದ್ರೆ ನಾನೇ ಎದ್ದುಹೋದೆ ಅಂತ ಬರ್ಕೋತಾರೆ."

ಅವನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನಿಂತ. ಅವಳು ಕೂದಲು ಹಿಂದಕ್ಕೆ ಸರಿಸಿ, ಬೆಳಕು ಮುಖಕ್ಕೆ ಬೀಳುವಂತೆ ಕುರ್ಚಿಯನ್ನು ಎಳೆದುಕೊಂಡು ನೆಟ್ಟಗೆ ಕೂತಳು. ಕರೆ ತಾನಾಗಿ ಮುಗಿಯುವವರೆಗೂ ಹಾಗೇ ಕೂತಿದ್ದಳು.